ಭಾನುವಾರ ಚರ್ಚಿಗೆ ಕರೆದಿದ್ದಾರೆ, ಹೋಗಬಹುದಾ?

ನಿಮ್ಮ ಪತ್ರ ಓದಿದೆ. ಕಾರವಾರ ಬಿಟ್ಟು ಬಾಸ್ಟನ್ ಹತ್ತಿರ ಬಂದು ಎರಡು ತಿಂಗಳಾಯಿತು, ಭಾನುವಾರ ಮನೆ ಬಿಕೋ ಅನ್ನುತ್ತದೆ, ಪಕ್ಕದ ಮನೆಯವರು ತಮ್ಮ ಯುನಿಟೇರಿಯನ್ ಯುನಿವರ್ಸಲಿಸ್ಟ್ ಚರ್ಚಿಗೆ ಕರೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ಮತಾಂತರ ಮಾಡಿಬಿಟ್ಟಾರು ಅಂತ ಊರಲ್ಲಿ ಅಮ್ಮನಿಗೆ ಭಯ, ಅಲ್ವಾ?

ಭಯ ಬೇಡ ಅಂತ ಹೇಳಿ. ನಾನು ಶಿರಸಿಯವಳು. ಹದಿನೆಂಟು ವರ್ಷದಿಂದ ಇಂಥದೇ ಒಂದು ಚರ್ಚಿಗೆ ಹೋಗುತ್ತಿದ್ದೇನೆ, ಮನೆಯಲ್ಲಿ ದೇವರಿಗೆ ದೀಪ ಹಚ್ಚಿಯೇ ಹೋಗುತ್ತೇನೆ. 1961ರಲ್ಲಿ ಯುನಿಟೇರಿಯನ್, ಯುನಿವರ್ಸಲಿಸ್ಟ್ ಅನ್ನುವ ಎರಡು ಹಳೆಯ ಪಂಗಡಗಳು ಸೇರಿ ಈ ಪಂಥವಾಯಿತು. ಇಂಥದನ್ನೇ ನಂಬಬೇಕು ಅನ್ನುವ ಕಟ್ಟಳೆ ಇಲ್ಲ. ದೇವರನ್ನೇ ಒಪ್ಪದವರೂ ಪಕ್ಕದಲ್ಲಿ ಕೂತಿರುತ್ತಾರೆ. ಮೊದಲು ಬಟ್ಟಲಿನಂಥ ದೀಪ ಹಚ್ಚುತ್ತಾರೆ. ಆಮೇಲೆ ಹಾಡು, ಸ್ವಲ್ಪ ಮೌನ, ಒಂದು ಉಪನ್ಯಾಸ, ಕೊನೆಗೆ ಕಾಫಿ. ಕಾಣಿಕೆ ತಟ್ಟೆ ಬಂದರೆ ಹಾಕಿದರೂ ಸರಿ, ಬಿಟ್ಟರೂ ಸರಿ.

ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ವರ್ಷದ ತಿರುವುಗಳು. ಆಫೀಸಿನ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಇರುವುದಿಲ್ಲ. ಮೊದಲ ವರ್ಷ ಭೂಮಿ ಹುಣ್ಣಿಮೆ ಯಾವಾಗ ಬಂತು, ಯಾವಾಗ ಹೋಯಿತು ನನಗೆ ಗೊತ್ತೇ ಆಗಲಿಲ್ಲ. ಅದು ನೆನಪಾದ ದಿನ ತುಂಬಾ ಅತ್ತಿದ್ದೆ.

ಮರುವರ್ಷ ಸೆಪ್ಟೆಂಬರಿನಲ್ಲಿ ಮೊದಲ ಸಲ ಆ ಚರ್ಚಿಗೆ ಹೋದೆ. ಬೇಸಿಗೆ ರಜೆ ಮುಗಿಸಿ ಎಲ್ಲರೂ ಮತ್ತೆ ಸೇರುವ ಭಾನುವಾರ ಅದು. ಸ್ವಲ್ಪ ನೀರು ತನ್ನಿ ಅಂದಿದ್ದರು. 1980ರಿಂದ ಬಂದಿರುವ ಪದ್ಧತಿ, ಇಬ್ಬರು ಹೆಂಗಸರು ಶುರು ಮಾಡಿದ್ದಂತೆ. ಒಬ್ಬರು ಕೆರೆ ನೀರು ತಂದಿದ್ದರು, ಒಬ್ಬರು ಸಮುದ್ರದ್ದು. ಒಂದು ಮಗು ಜಾಮ್ ಬಾಟಲಿಯಲ್ಲಿ ಹಿತ್ತಲಿನ ಪೈಪ್ ನೀರು ತಂದಿತ್ತು. ಎಲ್ಲ ಒಂದೇ ದೊಡ್ಡ ಗಾಜಿನ ಬೋಗುಣಿಗೆ. ಎಲ್ಲಿಯದು ಅಂತ ಹೇಳಿ ಸುರಿಯಬೇಕು. ನನ್ನ ಹತ್ತಿರ ಇದ್ದದ್ದು ಅಡುಗೆಮನೆಯ ನಲ್ಲಿ ನೀರು. ಆದರೆ ಸುರಿಯುವಾಗ ಬಾಯಿಗೆ ಬಂದದ್ದು ನಮ್ಮ ಕಡೆಯ ಹೊಳೆಯ ಹೆಸರು, ‘ಅಘನಾಶಿನಿ’.

ನಮ್ಮ ಮನೆಯ ಹಂಡೆ ಕಣ್ಣೆದುರು ಬಂದಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಆಯಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ತಾಮ್ರ ಕೆಂಪಗೆ ಹೊಳೆಯುವವರೆಗೂ ಬಿಡುತ್ತಿರಲಿಲ್ಲ. ಆಮೇಲೆ ಶೇಡಿ ಮಣ್ಣಿನ ಬಿಳಿ ಗೆರೆ, ಕಂಠಕ್ಕೆ ಹಿಂಡ್ಲೆಕಾಯಿ ಅನ್ನುವ ಕಾಡು ಕಾಯಿಯ ಬಳ್ಳಿ. ಜಾಗಟೆ ಬಡಿಯುವುದು ನನ್ನ ಕೆಲಸ. ಬಾವಿಯಿಂದ ಕೊಡ ಬಂದು ಹಂಡೆಗೆ ಬೀಳುವಾಗ ಮೊದಲು ಟಣ್ ಅನ್ನುವ ಸದ್ದು, ತುಂಬುತ್ತ ತುಂಬುತ್ತ ಮೆತ್ತಗಾಗುತ್ತಿತ್ತು. ಆ ಬೋಗುಣಿಯಲ್ಲೂ ಅದೇ ಸದ್ದು ಕೇಳಿತು. ಮುಂದಿನ ಸಲ ಊರಿಗೆ ಹೋದಾಗ ಶಿರಸಿಯ ಶಂಕರಹೊಂಡದಿಂದ ಒಂದು ಪುಟ್ಟ ಬಾಟಲಿ ತುಂಬಿಕೊಂಡು ಬಂದೆ. ಅಘನಾಶಿನಿ ಹುಟ್ಟುವುದು ಅಲ್ಲೇ ಅಲ್ವಾ!

ಡಿಸೆಂಬರಿನಲ್ಲಿ ಬೇಗ ಕತ್ತಲಾಗುತ್ತದೆ, ಆಗ ಮೇಣದ ಬತ್ತಿಗಳ ರಾತ್ರಿ. ಬೇಸಿಗೆಯ ಬಾಗಿಲಲ್ಲಿ ಹೂವಿನ ಭಾನುವಾರ. ಅದನ್ನು ತಪ್ಪಿಸಬೇಡಿ. 1923ರಲ್ಲಿ ಪ್ರಾಗ್ ನಗರದ ಪಾದ್ರಿ ನಾರ್ಬರ್ಟ್ ಚಾಪೆಕ್ ಶುರು ಮಾಡಿದ್ದು. ಅವರ ಸಭೆಗೆ ಬೇರೆ ಬೇರೆ ಮತದ ಮನೆಗಳಿಂದ ಜನ ಬರುತ್ತಿದ್ದರು. ಯಾರಿಗೂ ಪರಕೀಯ ಅನಿಸದ ಪೂಜೆ ಬೇಕಿತ್ತು, ಅವರು ಹೂವು ಆರಿಸಿಕೊಂಡರು. ನೀವು ಒಂದು ಹೂವು ಒಯ್ಯುತ್ತೀರಿ, ಬರುವಾಗ ಬೇರೆ ಯಾರೋ ತಂದದ್ದನ್ನು ತರುತ್ತೀರಿ. 1942ರಲ್ಲಿ ನಾಜಿಗಳು ಚಾಪೆಕ್ ಅವರನ್ನು ಕೊಂದರು. ಹೂವು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಇದರಿಂದ ನಮ್ಮ ಹಬ್ಬ ಬಿಟ್ಟುಹೋಗುವುದಿಲ್ಲ. ನಾನಂತೂ ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೇ ಪಂಚಾಂಗ ತರಿಸಿಕೊಂಡೆ.

ಸೆಪ್ಟೆಂಬರಿಗೆ ಇನ್ನು ಮೂರು ವಾರ. ಆ ನೀರಿನ ಭಾನುವಾರಕ್ಕೆ ನಿಮ್ಮೂರ ಕಾಳಿ ನದಿಯ ನೀರು ಇಲ್ಲ ಅಂತ ಹಿಂಜರಿಯಬೇಡಿ, ನಲ್ಲಿ ನೀರೇ ಸಾಕು. ದೀಪಾವಳಿಗೆ ನೀರು ತುಂಬುವ ಸಂಜೆ ನಮ್ಮ ಮನೆಗೆ ಬನ್ನಿ. ಹಿಂಡ್ಲೆಕಾಯಿ ಇಲ್ಲಿ ಸಿಗುವುದಿಲ್ಲ. ಸ್ಟೀಲ್ ಪಾತ್ರೆಗೆ ಅಕ್ಕಿಹಿಟ್ಟಿನ ಗೆರೆ ಎಳೆದಿರುತ್ತೇನೆ. ಜಾಗಟೆ ನೀವು ಬಡಿಯಿರಿ.