ಬಿಳಿ ಹಾಸಿಗೆಯ ಮೇಲಿನ ಸಿಟ್ಟು

‘ಎರಡನೇ ಮಹಾಯುದ್ಧದ ಬಾಂಬರ್ ವಿಮಾನದವರನ್ನು ಕಳೆದ ಸಂಚಿಕೆಯಲ್ಲಿ ಅಟ್ಟಕ್ಕೇರಿಸಿದ್ದೀರಿ. ಅವರು ಬಾಂಬು ಹಾಕಿ ಬಂದು ಮೊಟ್ಟೆ ತಿಂದು ಬಿಳಿ ಹಾಸಿಗೆಯಲ್ಲಿ ಮಲಗುತ್ತಿದ್ದರು. ಕಂದಕದಲ್ಲಿ ಕೊಳೆತವನಿಗೆ ಆ ಭಾಗ್ಯವಿತ್ತೇ?’
– ನಿವೃತ್ತ ಸುಬೇದಾರರು, ಮಡಿಕೇರಿ

ಸುಬೇದಾರರೇ, ಕಂದಕದ ವಿಷಯದಲ್ಲಿ ನಿಮ್ಮೆದುರು ನಾನು ಬಾಯಿ ತೆರೆಯುವಂತಿಲ್ಲ. 1944ರ ಏಪ್ರಿಲ್‌ನಲ್ಲಿ ಈಗಿನ ನಾಗಾಲ್ಯಾಂಡಿನ ಕೊಹಿಮಾದಲ್ಲಿ ಜಪಾನೀಯರ ಮುತ್ತಿಗೆಗೆ ಸಿಕ್ಕವರು ಕುಡಿಯುವ ನೀರನ್ನೂ ಅಳೆದು ಹಂಚಿಕೊಂಡರು. ಗಾಯಾಳುಗಳು ಮಲಗಿದ್ದಲ್ಲೇ ಮತ್ತೆ ಗಾಯಗೊಂಡರು. ಒಪ್ಪಿದೆ.

ಆದರೆ ಆ ಹಾಸಿಗೆಯ ಮೇಲೆ ನಿಮಗೇಕಿಷ್ಟು ಸಿಟ್ಟು? ಬ್ರಿಟನ್ನಿನ ವಾಯುಪಡೆಯ ಬಾಂಬುದಾಳಿ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು. ಎಲ್ಲರೂ ತಾವಾಗಿಯೇ ಹೆಸರು ಕೊಟ್ಟವರು. 1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಮೇಲೆ ದಾಳಿಗೆ ಹೋದ ವಿಮಾನಗಳಲ್ಲಿ 95 ಮರಳಲೇ ಇಲ್ಲ. ಹಿಂದಿನ ಸಂಜೆ ಪಕ್ಕದಲ್ಲಿ ಕೂತು ಬಿಯರ್ ಕುಡಿದವನ ಮಂಚ ಬೆಳಿಗ್ಗೆ ಖಾಲಿ. ಯಾರೋ ಬಂದು ಅವನ ಬಟ್ಟೆಬರೆ, ಕಾಗದಪತ್ರ ಕಟ್ಟಿಕೊಂಡು ಹೋಗುತ್ತಾರೆ. ಅದೇ ಮಂಚಕ್ಕೆ ಹೊಸ ಹುಡುಗ ಬರುತ್ತಾನೆ. ಇಂಥ 30 ದಾಳಿ ಮುಗಿಸಿದರೆ ಬಿಡುವು. ಅದೂ ಕೆಲ ತಿಂಗಳು.

ಲಂಕಾಸ್ಟರ್ ವಿಮಾನದ ಬಾಲದಲ್ಲಿ ಕೂರುವ ಗನ್ನರ್‌ನನ್ನು ನೆನೆಯಿರಿ. ಏಳೆಂಟು ಗಂಟೆ ಒಬ್ಬನೇ, ಎದ್ದು ನಿಲ್ಲಲೂ ಜಾಗವಿಲ್ಲ. ಮೈನಸ್ 40ರ ಚಳಿಗೆ ಉಸಿರು ಮುಖವಾಡದಲ್ಲೇ ಹೆಪ್ಪುಗಟ್ಟುತ್ತಿತ್ತು. ಪ್ಯಾರಾಚೂಟ್ ಬೆನ್ನಮೇಲಲ್ಲ, ಹಿಂದಿನ ಬಾಗಿಲ ಆಚೆ! ವಿಮಾನ ಉರಿಯುತ್ತಿರುವಾಗ ತಾನು ಕೂತ, ತಿರುಗುವ ಬಂದೂಕಿನ ಗೋಪುರವನ್ನು ನೇರಕ್ಕೆ ತಿರುಗಿಸಿ, ಬಾಗಿಲು ತೆರೆದು, ಕೈಚಾಚಿ ಅದನ್ನು ಎಳೆದುಕೊಳ್ಳಬೇಕು.

‘ಇನ್ನು ಹಾರಲಾರೆ’ ಎಂದವನ ಕಡತಕ್ಕೆ ‘ನೈತಿಕ ಸ್ಥೈರ್ಯವಿಲ್ಲ’ ಎಂಬ ಷರಾ ಬೀಳುತ್ತಿತ್ತು, ಎದೆಯ ಮೇಲಿನ ಹಾರಾಟದ ಬಿಲ್ಲೆ ಕಿತ್ತುಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಭೂಸೇನೆಯಲ್ಲಿ ರಣದಣಿವಿಗೆ, ಅಂದರೆ ಯುದ್ಧದಲ್ಲಿ ಮನಸ್ಸು ಕುಸಿದವರಿಗೆ, ವೈದ್ಯರು ಚಿಕಿತ್ಸೆ ಕೊಡುತ್ತಿದ್ದರು.

ಇವರು ಸುಟ್ಟ ಊರುಗಳ ಲೆಕ್ಕ ಬೇರೆಯೇ ಇದೆ, ಅದನ್ನು ಮುಚ್ಚಿಡುವವನು ನಾನಲ್ಲ. ಆದರೆ ಸುಡಿ ಎಂದು ಆಜ್ಞೆ ಕೊಟ್ಟ ದೊಡ್ಡವರೇ ಜರ್ಮನಿಯ ಡ್ರೆಸ್ಡೆನ್ ನಗರ ಸುಟ್ಟುಹೋದಮೇಲೆ ಮುಖ ತಿರುಗಿಸಿದರು. ಇವರಿಗೆಂದು ಪ್ರತ್ಯೇಕ ಪದಕವಿಲ್ಲ. ಲಂಡನ್ನಿನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ. ಅಷ್ಟರಲ್ಲಿ ಬದುಕುಳಿದವರು ತೊಂಬತ್ತರ ಆಸುಪಾಸಿನಲ್ಲಿದ್ದರು.

ನಮ್ಮಲ್ಲಿ ಮಾತ್ರ ಏನು ಭಿನ್ನ? ಕಾಲು ಕಳೆದುಕೊಂಡು ಬಂದ ಸೈನಿಕನಿಗೆ ಊರಲ್ಲಿ ಹಾರ, ತುರಾಯಿ, ಭಾಷಣ. ನಿದ್ದೆ ಕಳೆದುಕೊಂಡು ಬಂದವನಿಗೆ ‘ಕುಡುಕ’ ಎಂಬ ಬಿರುದು. ನಿಮ್ಮ ಪಲ್ಟನ್ನಿನಲ್ಲೂ ಅಂಥವರು ಇದ್ದಿರಲೇಬೇಕು. ಹೆಸರು ಬೇಡ, ಅವರ ಸಂಗತಿ ಬರೆದು ಕಳುಹಿಸಿ. ಪುಟ ಬಿಡಿಸುವ ಹೊಣೆ ನನ್ನದು.

– ಸಂಪಾದಕ