ಅಂಗಡಿಯಲ್ಲಿ ಗುಡುಗಿದ ಪೆಡಲ್ ಮನೆಯಲ್ಲಿ ಯಾಕೆ ಗುಂಯ್ ಅನ್ನುತ್ತದೆ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ. ಎಲೆಕ್ಟ್ರಿಕ್ ಗಿಟಾರ್ ಇದೆ, ಅದರ ಸದ್ದು ಹಿಗ್ಗಿಸಲು 20 ವಾಟ್‌ನ ಪ್ರಾಕ್ಟೀಸ್ ಆಂಪ್ ಇದೆ. ಅಂಗಡಿಯಲ್ಲಿ ಬಾಸ್ ಕಂಪನಿಯ ಡಿಎಸ್-1 ಡಿಸ್ಟಾರ್ಷನ್ ಪೆಡಲ್ (ಕಾಲಲ್ಲಿ ತುಳಿದು ಗಿಟಾರ್ ಸದ್ದನ್ನು ಒರಟು ಮಾಡುವ ಡಬ್ಬಿ) ನುಡಿಸಿದಾಗ ಮೈ ಜುಮ್ ಅಂದಿತ್ತು. ಮನೆಗೆ ತಂದರೆ ಡಬ್ಬಿಯೊಳಗೆ ಜೇನುನೊಣ ಬಿಟ್ಟ ಹಾಗಿದೆ. ಕೋರಸ್ (ಒಂದೇ ಗಿಟಾರ್ ಹಲವಾರು ನುಡಿದಂತೆ ಕೇಳಿಸುವ ಪೆಡಲ್), ಡಿಲೇ (ಪ್ರತಿಧ್ವನಿಯ ಪೆಡಲ್) ಸೇರಿಸಿದರೆ ಎಲ್ಲಾ ಕಲಸುಮೇಲೋಗರ. ಮುಂದಿನ ತಿಂಗಳು ಇಲ್ಲಿನ ಕನ್ನಡ ಸಂಘದಲ್ಲಿ ಭಾವಗೀತೆಗಳಿಗೆ ನುಡಿಸಬೇಕು. ಆಂಪ್ ಬದಲಿಸಲೋ, ಪೆಡಲ್ ಬದಲಿಸಲೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಆಂಪ್ ಮೇಲಿನ ಗೇನ್ ಚಾನೆಲ್ ಬಟನ್ ಒತ್ತಿದೆಯಾ ನೋಡಿ. ಒತ್ತಿರುತ್ತದೆ, ನನಗೆ ಗೊತ್ತು. ಎಲ್ಲರೂ ಒತ್ತಿಯೇ ಇಟ್ಟುಕೊಂಡಿರುತ್ತೇವೆ.

ಡಿಸ್ಟಾರ್ಷನ್ ಪೆಡಲ್ ಮಾಡುವ ಕೆಲಸ ಇಷ್ಟೇ: ಗಿಟಾರ್‌ನಿಂದ ಬಂದ ಅಲೆಯ ತಲೆಯನ್ನು ಸಮನಾಗಿ ಕತ್ತರಿಸುತ್ತದೆ. ಆಂಪ್‌ನ ಗೇನ್ ಚಾನೆಲ್ ಮಾಡುವುದೂ ಅದನ್ನೇ. ಒಮ್ಮೆ ಬೋಳಿಸಿದ ತಲೆಯನ್ನು ಮತ್ತೆ ಬೋಳಿಸಿದರೆ ಉಳಿಯುವುದು ಉರಿ ಮಾತ್ರ. ಅಂಗಡಿಯಲ್ಲಿ ಬಹುಶಃ ದೊಡ್ಡ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವ ಆಂಪ್) ಇತ್ತು, 12 ಇಂಚಿನ ಸ್ಪೀಕರ್ ಇತ್ತು, ವಾಲ್ಯೂಮ್ ಜಾಸ್ತಿ ಇತ್ತು. ಟ್ಯೂಬ್ ಆಂಪ್ ಅಲೆಯನ್ನು ಮೆಲ್ಲಗೆ ಉರುಟು ಮಾಡುತ್ತಾ ಹೋಗುತ್ತದೆ. ಹಾಗಾಗಿ ಅದನ್ನು ಪೆಡಲ್‌ನಿಂದ ತಳ್ಳಿದಷ್ಟೂ ಧ್ವನಿಗೆ ಮೈ ತುಂಬುತ್ತದೆ. ಸಣ್ಣ ಟ್ರಾನ್ಸಿಸ್ಟರ್ ಆಂಪ್‌ಗೆ ಸಾಮಾನ್ಯವಾಗಿ ಆ ತಾಳ್ಮೆ ಇಲ್ಲ, ಚಕ್ಕನೆ ಕತ್ತರಿಸುತ್ತದೆ.

ಇವತ್ತು ಸಂಜೆ ಹೀಗೆ ಮಾಡಿ. ಪೆಡಲ್‌ಗಳನ್ನೆಲ್ಲ ಕಳಚಿ. ಗಿಟಾರ್ ನೇರ ಆಂಪ್‌ಗೆ, ಗೇನ್ ಬಟನ್ ಒತ್ತದ ಕ್ಲೀನ್ ಚಾನೆಲ್. ಬೇಸ್, ಮಿಡಲ್, ಟ್ರೆಬಲ್ ನಾಬ್ ಮೂರೂ ಗಡಿಯಾರದ ಮುಳ್ಳಿನ ಹಾಗೆ ಹನ್ನೆರಡು ಗಂಟೆಯಲ್ಲಿರಲಿ. ಒಂದು ಇ ಮೇಜರ್ ಕಾರ್ಡ್ ಎಳೆಯಿರಿ. ಬೇರೇನೂ ಇಲ್ಲದೆ ಹತ್ತು ನಿಮಿಷ ಕೇಳಲು ಹಿತವಾಗುವ ತನಕ ನಾಬ್ ತಿರುಗಿಸಿ. ಆಮೇಲೆ ಡಿಎಸ್-1 ಸೇರಿಸಿ: ಡಿಸ್ಟ್ ನಾಬ್ ಒಂಬತ್ತು ಗಂಟೆಗೆ, ಟೋನ್ ಅದಕ್ಕಿಂತ ಸ್ವಲ್ಪ ಕೆಳಗೆ. ಪೆಡಲ್ ತುಳಿದರೂ ತುಳಿಯದಿದ್ದರೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಲೆವೆಲ್ ಹೊಂದಿಸಿ. ಇದು ಮುಖ್ಯ. ಸದ್ದು ಜೋರಾದರೆ ನಮ್ಮ ಕಿವಿ ಅದನ್ನೇ ಚೆನ್ನಾಗಿದೆ ಅಂದುಕೊಳ್ಳುತ್ತದೆ, ಅಂಗಡಿಯಲ್ಲೂ ನಿಮಗೆ ಆಗಿದ್ದು ಸ್ವಲ್ಪ ಅದೇ.

ಈಗ ಕಾರ್ಯಕ್ರಮದ ವಿಷಯ. ಪಕ್ಕದ ಮನೆಯವರಿಗೆ ಹೆದರಿ ಸಣ್ಣ ಸದ್ದಿನಲ್ಲಿ ನುಡಿಸುವಾಗ ಕಿವಿಗೆ ಬೇಸ್ ಮತ್ತು ಟ್ರೆಬಲ್ ಕಡಿಮೆ ಕೇಳುತ್ತವೆ. ನಾವು ಅವೆರಡನ್ನೂ ಏರಿಸುತ್ತೇವೆ, ಮಿಡಲ್ ಇಳಿಸುತ್ತೇವೆ. ಒಬ್ಬರೇ ನುಡಿಸುವಾಗ ಸ್ವರ್ಗ. ಅದೇ ಸೆಟ್ಟಿಂಗ್ ಹಾಲ್‌ಗೆ ಹೊತ್ತುಕೊಂಡು ಹೋದರೆ ಗಿಟಾರ್ ಮಾಯ! ಕೆಳಗಿನ ಜಾಗವನ್ನು ತಬಲಾದ ಡಗ್ಗಾ, ಕೀಬೋರ್ಡಿನ ಎಡಗೈ ಹಿಡಿದಿರುತ್ತವೆ, ಮೇಲಿನದನ್ನು ತಾಳ, ಕೊಳಲು. ಗಿಟಾರ್‌ಗೆ ಉಳಿದ ಖಾಲಿ ಸೀಟು ಮಧ್ಯದ್ದು. ಡಿಎಸ್-1ನ ಟೋನ್ ನಾಬ್ ನಡುವಿನಲ್ಲಿದ್ದರೆ ಅದೇ ಮಧ್ಯವನ್ನು ಕುಗ್ಗಿಸುತ್ತದೆ. ಅದಕ್ಕೇ ಆಂಪ್‌ನ ಮಿಡಲ್ ಏರಿಸಿ ಅನ್ನುವುದು. ಐಬನೀಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಪೆಡಲ್ ಇದಕ್ಕೆ ತದ್ವಿರುದ್ಧ, 720 ಹರ್ಟ್ಜ್ ಆಸುಪಾಸನ್ನು ಎತ್ತಿ ಕೊಡುತ್ತದೆ. ಮಿಡಲ್ ಕಡಿಮೆ ಇರುವ ಫೆಂಡರ್ ಥರದ ಆಂಪ್‌ಗಳ ಜೊತೆ ಅದು ಅಷ್ಟು ಚೆನ್ನಾಗಿ ಕೂರುವುದು ಇದೇ ಕಾರಣಕ್ಕೆ. ಇನ್ನು ಭಾವಗೀತೆಗೆ ಡಿಸ್ಟಾರ್ಷನ್ ಎಷ್ಟು ಬೇಕು ಎನ್ನುವುದನ್ನು ಗಾಯಕರ ಮುಖ ನೋಡಿ ತೀರ್ಮಾನಿಸಿ.

ಪೆಡಲ್‌ಗಳ ಸಾಲು ಹೀಗಿರಲಿ: ಗಿಟಾರ್, ಡಿಸ್ಟಾರ್ಷನ್, ಕೋರಸ್, ಡಿಲೇ, ಆಂಪ್. ಡಿಲೇ ಮೊದಲಿಟ್ಟರೆ ಅದರ ಪ್ರತಿಧ್ವನಿಗಳೆಲ್ಲ ಡಿಸ್ಟಾರ್ಷನ್ ಒಳಗೆ ಹೋಗಿ ಅರೆದು ಹೋಗುತ್ತವೆ. ಒಗ್ಗರಣೆ ಹಾಕಿದ ಸಾರನ್ನು ಮತ್ತೆ ಮಿಕ್ಸಿಗೆ ಹಾಕಿದ ಹಾಗೆ. ಆಂಪ್‌ನ ಗೇನ್ ಚಾನೆಲ್ಲೇ ಬೇಕು ಅನ್ನುವವರಿಗೂ ಇದೇ ತೊಂದರೆ. ಅವರು ಆಂಪ್ ಹಿಂದೆ ಸೆಂಡ್, ರಿಟರ್ನ್ ಜ್ಯಾಕ್‌ಗಳಿದ್ದರೆ (ಗೇನ್ ಆದ ಮೇಲಿನ ಸಿಗ್ನಲ್ಲನ್ನು ಹೊರಗೆ ಕಳಿಸಿ ಮತ್ತೆ ಒಳಗೆ ತರುವ ತೂತುಗಳು) ಡಿಲೇಯನ್ನು ಅಲ್ಲಿಗೆ ಹಾಕಬೇಕು.

ಕೋರಸ್‌ಗೆ ಕ್ಲೀನ್ ಆಂಪ್ ಅಂದರೆ ತವರುಮನೆ. ರೋಲ್ಯಾಂಡ್ 1975ರಲ್ಲಿ ಜೆಸಿ-120 ಎಂಬ ಟ್ರಾನ್ಸಿಸ್ಟರ್ ಆಂಪ್ ತಂದಿತು. ಅದರೊಳಗಿನ ಕೋರಸ್ಸನ್ನೇ ಮರುವರ್ಷ ಬಾಸ್ ಸಿಇ-1 ಎಂಬ ಪೆಡಲ್ ಮಾಡಿ ಮಾರಿತು. ಹಾಲ್‌ನವರು ಬಾಡಿಗೆಗೆ ಜೆಸಿ-120 ಕೊಟ್ಟರೆ ನಿಮ್ಮ ಕೋರಸ್ ಪೆಡಲ್ ಮನೆಯಲ್ಲೇ ಬಿಡಿ.

ಆಂಪ್ ಬದಲಿಸುವ ಆಸೆ ಇನ್ನೂ ಇದ್ದರೆ ಒಂದು ಲೆಕ್ಕ: 20 ವಾಟ್‌ನಿಂದ 40ಕ್ಕೆ ಹೋದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಆ ದುಡ್ಡಿನಲ್ಲಿ ಆಂಪ್ ಮುಂದೆ ಮೈಕ್ ಇಡುವುದು ಜಾಣತನ.

ಪ್ರಶ್ನೆ: ಪುಣೆಯ ಹಾಸ್ಟೆಲ್‌ನಲ್ಲಿದ್ದೇನೆ. ಒಂದೇ ಅಡಾಪ್ಟರ್‌ನಿಂದ ನಾಲ್ಕು ಪೆಡಲ್ ಓಡಿಸುತ್ತೇನೆ. ಗುಂಯ್ ಅನ್ನುವ ಸದ್ದು ಹೋಗುತ್ತಿಲ್ಲ.

ಉತ್ತರ: ಪೆಡಲ್ ಬಿಟ್ಟು ನೇರ ಆಂಪ್‌ಗೆ ಹಾಕಿ ಕೇಳಿ. ಆಗಲೂ ಇದ್ದು, ನೀವು ಕುಳಿತಲ್ಲೇ ತಿರುಗಿದಾಗ ಸದ್ದು ಹೆಚ್ಚು ಕಡಿಮೆ ಆದರೆ ಅದು ಗಿಟಾರ್‌ನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂದೇ ಸುರುಳಿಯ ಭಾಗ) ಹಿಡಿಯುವ 50 ಹರ್ಟ್ಜ್ ಕರೆಂಟಿನ ಸದ್ದು. ತಂತಿ ಮುಟ್ಟಿದಾಗ ನಿಂತರೆ ಪ್ಲಗ್ ಪಾಯಿಂಟ್‌ನ ಅರ್ಥಿಂಗ್ ಮೊದಲು ಪರೀಕ್ಷೆ ಮಾಡಿಸಿ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸುವುದು ಮಾತ್ರ ಬೇಡವೇ ಬೇಡ. ಪೆಡಲ್ ಹಾಕಿದಾಗ ಮಾತ್ರ ಕೀಂಯ್ ಅಂದರೆ ಬಹುಶಃ ಡಿಜಿಟಲ್ ಡಿಲೇ ಬೇರೆಯವುಗಳ ಜೊತೆ ಅಡಾಪ್ಟರ್ ಹಂಚಿಕೊಂಡಿದೆ ಅಂತ. ಅದಕ್ಕೊಂದು ಬೇರೆ ಕೊಡಿ: ಸಾಮಾನ್ಯವಾಗಿ 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ಮಿಲಿಆಂಪಿಯರ್ ಪೆಡಲ್ ಕೇಳಿದ್ದಕ್ಕಿಂತ ಜಾಸ್ತಿ ಇದ್ದರೆ ಪರವಾಗಿಲ್ಲ, ವೋಲ್ಟ್ ಜಾಸ್ತಿ ಇರಬಾರದು. ನಾನೊಮ್ಮೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ತಂದ ಅಡಾಪ್ಟರಿನ ಗುರುತು ನೋಡದೆ ಸುಮ್ನೆ ಸಿಕ್ಕಿಸಿದೆ. ನಡುವೆ ಪ್ಲಸ್ ಇತ್ತು. ಹಳೆಯ ಡಿಲೇ ಒಂದೇ ಸಲ ಕಣ್ಣು ಮಿಟುಕಿಸಿ ಮಲಗಿತು.

ಪ್ರಶ್ನೆ: ಮಡಗಾಂವ್‌ನಲ್ಲಿ ಹಳೆಯ ಟ್ಯೂಬ್ ಆಂಪ್ ಕೊಂಡೆ. ಈ ಮಳೆಗಾಲ ಕಳೆದ ಮೇಲೆ ನುಡಿಸುತ್ತಿರುವಾಗಲೇ ಸದ್ದು ಕುಸಿಯುತ್ತದೆ, ಮತ್ತೆ ತಾನೇ ಬರುತ್ತದೆ. ಟ್ಯೂಬ್ ಹೋಗಿದೆಯಾ?

ಉತ್ತರ: ಇರಬಹುದು. ಆದರೆ ಟ್ಯೂಬ್‌ಗೆ ದುಡ್ಡು ಸುರಿಯುವ ಮೊದಲು ಎರಡು ಪೆಡಲ್‌ಗಳ ನಡುವೆ ಹಾಕುವ ಗೇಣುದ್ದದ ಕೇಬಲ್ ತೆಗೆದುಕೊಳ್ಳಿ. ಆಂಪ್ ಹಿಂದಿನ ಸೆಂಡ್‌ನಿಂದ ರಿಟರ್ನ್‌ಗೆ ಅದನ್ನು ಸಿಕ್ಕಿಸಿ ನುಡಿಸಿ. ಬಹಳಷ್ಟು ಆಂಪ್‌ಗಳಲ್ಲಿ ಏನೂ ಸಿಕ್ಕಿಸದಿದ್ದಾಗ ಸಿಗ್ನಲ್ ರಿಟರ್ನ್ ಜ್ಯಾಕ್ ಒಳಗಿನ ಒಂದು ಪುಟ್ಟ ತಗಡಿನ ನಾಲಿಗೆಯ ಮೂಲಕ ದಾಟುತ್ತದೆ. ಕಡಲಗಾಳಿಯ ಉಪ್ಪು, ನಾಲ್ಕು ತಿಂಗಳ ತೇವ ಸೇರಿ ಆ ನಾಲಿಗೆಗೆ ಕಿಲುಬು ಹಿಡಿಯುತ್ತದೆ. ಕೇಬಲ್ ಹಾಕಿದಾಗ ಸದ್ದು ಸ್ಥಿರವಾದರೆ ಕಳ್ಳ ಸಿಕ್ಕಿದ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಕೇಬಲ್ಲಿನ ತುದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹದಿನೈದು ಇಪ್ಪತ್ತು ಸಲ ಜ್ಯಾಕ್‌ಗೆ ಹಾಕಿ ತೆಗೆಯಿರಿ. ಒಣಗಿದ ಮೇಲೆ ಆನ್ ಮಾಡಿ.

ಆಗಲೂ ಸರಿ ಹೋಗದಿದ್ದರೆ ರಿಪೇರಿಯವರ ಹತ್ತಿರ ಒಯ್ಯಿರಿ. ನೀವೇ ಸ್ಕ್ರೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಆಂಪ್‌ನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಕೂತಿರಬಹುದು.