ಯಾಡಿಯ ಹಾಡನ್ನು ಯಾವ ಅಕ್ಷರದಲ್ಲಿ ಬರೀಲಿ?

ದೋಸ್ತ, ಮೊನ್ನೆ ನೀನು ಕ್ಯಾಂಟೀನಿನಲ್ಲಿ ಕೇಳಿದಾಗ ನಕ್ಕು ಸುಮ್ಮನಾದೆ. ಚಹಾ ಮುಗಿಯುವಷ್ಟರಲ್ಲಿ ಹೇಳುವ ಮಾತಲ್ಲ ಅದು. "ಅಲೆಮಾರಿಗಳು ಅಂತೀಯ, ಪುಣೆಯಲ್ಲಿ ಫ್ಲ್ಯಾಟ್ ತಗೊಂಡಿದೀಯ. ಕನ್ನಡ ಮಾತಾಡ್ತೀಯ, ಆಧಾರ್ ನೋಡಿದ್ರೆ ಮಹಾರಾಷ್ಟ್ರದ್ದು. ಭಾನುವಾರ ಬಂದ್ರೆ ಮೊಬೈಲ್ ಹಿಡಿದು ಹಾಡು ರೆಕಾರ್ಡ್ ಮಾಡೋಕೆ ಹೋಗ್ತೀಯ. ಲಂಬಾಣಿ ಹಾಡು ಯೂಟ್ಯೂಬಲ್ಲಿ ರಾಶಿ ಇದೆಯಲ್ಲ ಗುರು?" ಅಂತ ನೀನು ಅಂದಿದ್ದೆ.

ಇದೆ. ಡಿಜೆ ಹಾಕಿದ್ದು ರಾಶಿ ಇದೆ. ಮದುವೆ ಹೆಣ್ಣು ತವರು ಬಿಡುವಾಗ ಒಬ್ಬೊಬ್ಬ ನೆಂಟರ ಕೊರಳು ತಬ್ಬಿ ಅತ್ತು ಹಾಡುವ ಢಾವಲೋ ಸಿಕ್ಕರೂ ಎರಡು ನಿಮಿಷಕ್ಕೆ ಕತ್ತರಿಸಿದ್ದು ಸಿಗುತ್ತದೆ. ನಮ್ಮ ಯಾಡಿ, ಅಂದರೆ ಅವ್ವ, ಶುರು ಮಾಡಿದರೆ ತಂದೆ, ಅಣ್ಣ, ತಾಂಡಾದ ನಾಯಕ, ಕಟ್ಟಿದ ಎತ್ತು ಎಲ್ಲರಿಗೂ ಒಂದೊಂದು ಸಾಲು ಬೇಕು. ಅಷ್ಟು ಹೊತ್ತು ಯಾರು ಅಪ್‌ಲೋಡ್ ಮಾಡ್ತಾರೆ?

ನಮ್ಮದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲ್ಲೂಕಿನ ತಾಂಡಾ. ಮನೆಯಲ್ಲಿ ಗೋರ್ ಬೋಲಿ, ಅಂದರೆ ನಮ್ಮ ಲಂಬಾಣಿ ಮಾತು, ಶಾಲೆಯಲ್ಲಿ ಕನ್ನಡ, ಬಸ್ ಸ್ಟ್ಯಾಂಡಿನಲ್ಲಿ ಮರಾಠಿ. ಇದರಲ್ಲಿ ವಿಚಿತ್ರ ಏನೂ ಇಲ್ಲ, ನಮ್ಮ ಕಡೆ ಎಲ್ಲರೂ ಹೀಗೇ. ಹಳೆಯ ಕಥೆ ನಿನಗೆ ಗೊತ್ತಿರಬೇಕು: ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಊರೂರು ತಿರುಗಿದವರು, ಮೊಗಲರ ದಂಡಿಗೂ ದವಸ ಮುಟ್ಟಿಸಿದವರು. ರೈಲು ಬಂದು ಆ ಕಸುಬು ಹೋಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಿರುಗಾಡುವ ಎಷ್ಟೋ ಜನರನ್ನು ಕಳ್ಳರ ಲೆಕ್ಕಕ್ಕೆ ಹಾಕಿತು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ರದ್ದಾಯಿತು. ಜನರ ತಲೆಯಲ್ಲಿ ರದ್ದಾಯಿತಾ ಅಂತ ಪುಣೆಯಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಹುಡುಗರನ್ನು ಕೇಳು.

ತಿರುಗಾಟ ನಿಂತಿದೆ ಅಂದುಕೊಳ್ಳಬೇಡ. ಈಗ ಎತ್ತಿನ ಬದಲು ಟೆಂಪೋ. ವಿಜಯಪುರ, ಕಲಬುರಗಿ ತಾಂಡಾಗಳ ಜನ ಕಬ್ಬು ಕಡಿಯಲು ಬರುತ್ತಾರೆ, ಪುಣೆಯಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬರುತ್ತಾರೆ. ಬೆಳಿಗ್ಗೆ ಮಜೂರ್ ಅಡ್ಡಾದಲ್ಲಿ ನಿಂತರೆ ಕನ್ನಡ, ಗೋರ್ ಬೋಲಿ ಎರಡೂ ಕೇಳಿಸುತ್ತದೆ. ಅವರ ಪತ್ರಾ ಶೆಡ್ಡಿಗೇ ನಾನು ಭಾನುವಾರ ಹೋಗುವುದು. ಹೋಳಿಗೆ ಮುಂಚೆ ಹೋದರೆ ಲೇಂಗಿ ಸಿಗುತ್ತದೆ. ಶ್ರಾವಣದಲ್ಲಿ ತೀಜ್ ಹಾಡು.

ರೆಕಾರ್ಡ್ ಮಾಡುವುದು ಸುಲಭ. ಗೋಳು ಶುರುವಾಗುವುದು ಬರೆದಿಡುವಾಗ.

ನಮ್ಮ ಮಾತಿಗೆ ತನ್ನದೇ ಲಿಪಿ ಇಲ್ಲ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಕೈಗೆ ಬರುವುದು ಅದೇ. ತಂಗಿಯ ಮಕ್ಕಳು ಪುಣೆಯಲ್ಲಿ ಮರಾಠಿ ಶಾಲೆ, ಅವರಿಗೆ ದೇವನಾಗರಿ ಬೇಕು. ಅತ್ತೆಯನ್ನು ಜಹೀರಾಬಾದ್ ಕಡೆ ಕೊಟ್ಟಿದ್ದೇವೆ, ಅಲ್ಲಿ ತೆಲುಗು. ಒಂದೇ ಮನೆತನದ ಒಂದೇ ಹಾಡು ಮೂರು ನೋಟ್‌ಬುಕ್ಕಿನಲ್ಲಿ ಕೂತಿದೆ. ಒಬ್ಬರದು ಒಬ್ಬರಿಗೆ ಓದಲು ಬರುವುದಿಲ್ಲ. "ಸಾಫ್ಟ್‌ವೇರ್ ಇದೆಯಲ್ಲ, ಲಿಪಿ ಬದಲಾಯಿಸುತ್ತೆ" ಅಂತೀಯ. ಕನ್ನಡದಿಂದ ತೆಲುಗಿಗೆ ಹೆಚ್ಚುಕಡಿಮೆ ಸರಿ ಹೋಗುತ್ತದೆ. ದೇವನಾಗರಿಗೆ ಹೋಗುವಾಗ ಹ್ರಸ್ವ ಎ, ಒ ಎರಡೂ ದೀರ್ಘವಾಗಿ ಕೂರುತ್ತವೆ, ಮರಾಠಿ ಬಲ್ಲವರಿಗೆ ಬೇರೆ ಗುರುತೇ ಗೊತ್ತಿಲ್ಲ. ಇತ್ತ ದಿನಬಳಕೆಯ ಕನ್ನಡದಲ್ಲಿ ಮೂಗಿನಲ್ಲಿ ಎಳೆಯುವ ಸ್ವರಕ್ಕೆ ಗುರುತಿಲ್ಲ. ಸೊನ್ನೆ ಹಾಕಿದರೆ ಓದುವವರು ಗಟ್ಟಿಯಾಗಿ ಮ್, ನ್ ಅನ್ನುತ್ತಾರೆ. ಯಾಡಿ ಅದನ್ನು ಕೇಳಿ "ಯಾರ ಹಾಡಿದು?" ಅನ್ನುತ್ತಾಳೆ.

ಇನ್ನು ಈ ಕೆಲಸಕ್ಕೆ ನೆರವು ಕೇಳಿ ಅರ್ಜಿ ಹಾಕಲು ಹೋದರೆ ಮೊದಲ ಕಾಲಮ್ಮೇ ರಾಜ್ಯ ಯಾವುದು ಅನ್ನುವುದು. ಎರಡನೆಯದು ಭಾಷೆ. ಕನ್ನಡದವರಿಗೆ ನಾವು ಮಹಾರಾಷ್ಟ್ರದವರು, ಇಲ್ಲಿಯವರಿಗೆ ಹಾಡು ಕನ್ನಡ ಅಕ್ಷರದಲ್ಲಿದೆ. 2011ರ ಜನಗಣತಿಯಲ್ಲಿ ಲಂಬಾಣಿ ಮಾತೃಭಾಷೆ ಅಂತ ಬರೆಸಿದವರು 30 ಲಕ್ಷಕ್ಕೂ ಹೆಚ್ಚು. ಅಷ್ಟೂ ಜನರನ್ನು ಹಿಂದಿಯ ಲೆಕ್ಕದಲ್ಲಿ ಸೇರಿಸಿದ್ದಾರೆ! ಹಿಂದಿ ಸಿನಿಮಾ ಅರ್ಥವಾಗದ ನಮ್ಮ ಯಾಡಿಯೂ ಅದರಲ್ಲಿದ್ದಾಳೆ.

ಜಾತಿ ಸರ್ಟಿಫಿಕೇಟೂ ಹೀಗೇ. ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ವಿಜಯಪುರ ಜಿಲ್ಲೆಯ ಇಂಡಿಯಲ್ಲಿರುವ ಸೋದರಮಾವನ ಮಗನ ಸರ್ಟಿಫಿಕೇಟ್ ಇಲ್ಲಿ ಮೀಸಲಾತಿಗೆ ನಡೆಯುವುದಿಲ್ಲ, ನನ್ನದು ಅಲ್ಲಿ ನಡೆಯುವುದಿಲ್ಲ. ನಮ್ಮ ಸಮುದಾಯದ ಸಂತ ಸೇವಾಲಾಲರೇ ಹಂಚಿಹೋಗಿದ್ದಾರೆ. ಕರ್ನಾಟಕದವರು ಫೆಬ್ರವರಿಯಲ್ಲಿ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಹೋಗುತ್ತಾರೆ, ಸಮಾಧಿ ಇರುವುದು ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ. ಅಲ್ಲಿ 2024ರ ಅಕ್ಟೋಬರಿನಲ್ಲಿ ಬಂಜಾರಾ ಮ್ಯೂಸಿಯಂ ಶುರುವಾಗಿದೆ. ಒಳ್ಳೆಯದೇ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದ್ದೂ ಒಳ್ಳೆಯದೇ. ಕನ್ನಡಿ ಹೊಲಿದ ಬಟ್ಟೆಯನ್ನು ಗಾಜಿನ ಹಿಂದೆ ಇಡಬಹುದು. ಹಾಡಿಗೆ ಯಾರಾದರೂ ಕೂತು ಬರೆಯಬೇಕು. ಪುಣೆಯಲ್ಲೇ ಹೇಮಾ ರಾಯಿರಕರ್, ಗೀ ಪ್ವಾತ್‌ವ್ಯಾ ಅನ್ನುವ ಸಂಶೋಧಕರು ಜೊತೆಗಾರರನ್ನು ಕಟ್ಟಿಕೊಂಡು ಬೀಸುವಕಲ್ಲಿನ ಹಾಡು ಲಕ್ಷಕ್ಕೂ ಮಿಕ್ಕಿ ಕೂಡಿಹಾಕಿದರು. ಅದು ಹೆಚ್ಚಾಗಿ ಮರಾಠಿ ಹೆಂಗಸರದು. ಅದನ್ನು ನೋಡಿಯೇ ನನಗೆ ಹೊಟ್ಟೆಕಿಚ್ಚು ಬಂದದ್ದು, ಸುಳ್ಳು ಯಾಕೆ ಹೇಳಲಿ.

ನಿನಗೆ ಸಿಟ್ಟು ಬಂದರೂ ಒಂದು ಹೇಳುತ್ತೇನೆ. "ನಿನ್ನ ಕನ್ನಡ ಚೆನ್ನಾಗಿದೆ, ಎಲ್ಲಿ ಕಲಿತೆ?" ಅಂತ ಬೆಂಗಳೂರಿನವರು ಕೇಳುತ್ತಾರೆ. ನೀನೂ ಕೇಳಿದ್ದೆ. ಒಂದನೇ ಕ್ಲಾಸಿನಲ್ಲಿ, ಎಲ್ಲರ ಹಾಗೆ. ಇಲ್ಲಿ ಸೊಸೈಟಿಯಲ್ಲಿ "ತುಮ್ಹಿ ಕಾನಡಿ ಕಾ?", ನೀವು ಕನ್ನಡದವರಾ ಅಂತಾರೆ, ಹೌದು ಅಂತೀನಿ. ಯಾಡಿ ಮಾತ್ರ ನನ್ನನ್ನು ಗೋರ್‌ಮಾಟಿ, ಅಂದರೆ ಲಂಬಾಣಿಯವನು, ಅಂತಾಳೆ, ಅದಕ್ಕೂ ಹೌದು ಅಂತೀನಿ. ಮೂರಕ್ಕೂ ಹೌದು ಅನ್ನುವವನಿಗೆ ಫಾರಮ್ಮಿನಲ್ಲಿ ಒಂದೇ ಚೌಕ ಕೊಟ್ಟರೆ ಏನು ಮಾಡಲಿ?

ಸದ್ಯ ಆಡಿಯೋ ಜೊತೆ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ದೇವನಾಗರಿ ಹಾಕುತ್ತಿದ್ದೇನೆ. ತಂಗಿಯ ದೊಡ್ಡ ಮಗಳು ತಿದ್ದುತ್ತಾಳೆ, ತೆಲುಗಿಗೆ ಇನ್ನೂ ಜನ ಸಿಕ್ಕಿಲ್ಲ. ನೀನು ಮೈಸೂರಿನವನು, ಭಾರತೀಯ ಭಾಷಾ ಸಂಸ್ಥೆ ನಿಮ್ಮೂರ ಮಾನಸಗಂಗೋತ್ರಿಯಲ್ಲೇ ಇದೆ. ದಸರಾ ರಜೆಗೆ ಹೋದಾಗ ಒಂದು ಬೆಳಿಗ್ಗೆ ಅಲ್ಲಿ ಹೋಗಿ ಕೇಳು: ಮೂಗಿನ ಸ್ವರಕ್ಕೆ ಕನ್ನಡದಲ್ಲಿ ಏನು ಗುರುತು ಹಾಕಬೇಕು ಅಂತ. ಬರೆದುಕೊಂಡು ಬಾ, ಬಾಯಲ್ಲಿ ಹೇಳಿದರೆ ನಂಬೋದಿಲ್ಲ.